ರೋಗ ಒಂದು ಪುಸ್ತಕದಲ್ಲಿ, ಔಷಧ ಇನ್ನೊಂದರಲ್ಲಿ: ನರ್ಸಿಂಗ್ ಸ್ನಾತಕೋತ್ತರ ಕಲಿಕೆಯ ಕುರಿತು

ಮಾನ್ಯ ಸಂಪಾದಕರೇ,

ನರ್ಸಿಂಗ್ ಶಿಕ್ಷಣದ ಚರ್ಚೆ ಎಂದರೆ ಸೀಟು, ಶುಲ್ಕ, ವಿದೇಶದ ನೌಕರಿ ಇಷ್ಟರಲ್ಲೇ ಮುಗಿದುಹೋಗುತ್ತದೆ. ತರಗತಿಯಲ್ಲಿ ಏನು ಕಲಿಸುತ್ತಾರೆ, ಕಲಿತದ್ದು ವಾರ್ಡಿನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬ ಮಾತು ಅಪರೂಪ. ಎಂ.ಎಸ್ಸಿ. ನರ್ಸಿಂಗ್ ಮತ್ತು ನರ್ಸ್ ಪ್ರ್ಯಾಕ್ಟಿಷನರ್ (ತಪಾಸಣೆ, ಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಪಡೆಯುವ ನರ್ಸ್) ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವ ವಿಷಯಗಳು ಎರಡು: ಪ್ಯಾಥೋಫಿಸಿಯಾಲಜಿ ಮತ್ತು ಫಾರ್ಮಕಾಲಜಿ. ಕಾಯಿಲೆ ಬಂದಾಗ ದೇಹದೊಳಗೆ ಯಾವುದು, ಯಾವ ಕ್ರಮದಲ್ಲಿ ಕೆಡುತ್ತದೆ ಎಂಬುದನ್ನು ಮೊದಲನೆಯದು ಹೇಳುತ್ತದೆ. ಔಷಧ ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ, ಏನು ಮಾಡುತ್ತದೆ, ಹೇಗೆ ಹೊರಬೀಳುತ್ತದೆ ಎಂಬುದನ್ನು ಎರಡನೆಯದು. ಇವೆರಡನ್ನೂ ಬೇರೆ ಬೇರೆ ಕಲಿಸುವುದರಿಂದಲೇ ಎರಡೂ ಕಷ್ಟವಾಗುತ್ತಿವೆ, ರೋಗಿಯ ಹಾಸಿಗೆಯ ಬಳಿ ಆಗುವ ಅನೇಕ ತಪ್ಪುಗಳ ಬೇರೂ ಅಲ್ಲೇ ಇದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಅದನ್ನು ಬರೀ ಹೇಳಿ ಬಿಡುವುದಕ್ಕಿಂತ ಉದಾಹರಣೆ ಸಮೇತ ತೋರಿಸುವುದು ಮೇಲು. ಆದ್ದರಿಂದ ಈ ಪತ್ರ ಉದ್ದವಾಗಿದೆ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಪ್ಯಾಥಾಲಜಿ ಮತ್ತು ಫಾರ್ಮಕಾಲಜಿ ಎರಡೂ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಬರುತ್ತವೆ. ಪ್ಯಾಥಾಲಜಿಗೆ ಸೆಮಿಸ್ಟರ್‌ಗೆ 20 ಗಂಟೆ. ಫಾರ್ಮಕಾಲಜಿಗೆ ಮೊದಲು 20, ಆಮೇಲೆ ಔಷಧ ಬರೆಯುವ ಮೂಲತತ್ವಗಳ ಭಾಗವೂ ಸೇರಿ 60. ಕಾಗದದ ಮೇಲೆ ಜೊತೆಜೊತೆಗೇ ಇವೆ. ಆದರೆ ಒಂದನ್ನು ಒಬ್ಬರು, ಇನ್ನೊಂದನ್ನು ಇನ್ನೊಬ್ಬರು ಪಾಠ ಮಾಡುತ್ತಾರೆ. ಹೃದಯದ ಕಾಯಿಲೆ ಈ ವಾರ ಬಂದರೆ ಹೃದಯದ ಔಷಧ ಎರಡು ತಿಂಗಳ ನಂತರ ಬರುತ್ತದೆ. ಸಾಮಾನ್ಯ ಎಂ.ಎಸ್ಸಿ. ಕೋರ್ಸುಗಳಲ್ಲಂತೂ ಇವು ಬಹುಕಾಲದಿಂದ ಸ್ಪೆಷಾಲಿಟಿಯ ಘಟಕಗಳೊಳಗೆ ಹಂಚಿಹೋಗಿವೆ. ಪರಿಷತ್ತು ರೂಪಿಸಿದ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರ್ಯಾಕ್ಟಿಷನರ್ ರೆಸಿಡೆನ್ಸಿಯಲ್ಲಿ (ತೀವ್ರ ನಿಗಾ ಘಟಕದಲ್ಲೇ ಕೆಲಸ ಮಾಡುತ್ತಾ ಕಲಿಯುವ ಕೋರ್ಸು) ಮಾತ್ರ ಉನ್ನತ ಪ್ಯಾಥೋಫಿಸಿಯಾಲಜಿ, ಉನ್ನತ ಫಾರ್ಮಕಾಲಜಿ, ಉನ್ನತ ದೇಹ ತಪಾಸಣೆ ಮೂರಕ್ಕೂ ಸ್ವಂತ ಜಾಗವಿದೆ. ಅಮೆರಿಕದಲ್ಲಿ ನರ್ಸ್ ಪ್ರ್ಯಾಕ್ಟಿಷನರ್ ಆಗುವವರಿಗೂ ಇದೇ ಮೂರು ಬುನಾದಿ ವಿಷಯಗಳು. ಆದರೆ ಪಠ್ಯಕ್ರಮ ಜಾಗ ಕೊಟ್ಟ ಮಾತ್ರಕ್ಕೆ ಪಾಠ ಕೂಡಿಕೊಳ್ಳುವುದಿಲ್ಲ.

ನಮ್ಮ ಹೊಲಗದ್ದೆಗಳ ಸೀಮೆಯ ಜಿಲ್ಲಾ ಆಸ್ಪತ್ರೆಗಳಿಗೆ ಚೆನ್ನಾಗಿ ಪರಿಚಯವಿರುವ ಆರ್ಗನೊಫಾಸ್ಫರಸ್ ಕೀಟನಾಶಕದ ವಿಷವನ್ನೇ ತೆಗೆದುಕೊಳ್ಳಿ. ನರ ಸ್ನಾಯುವಿಗೋ ಗ್ರಂಥಿಗೋ ಸೇರುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸಂದೇಶ ಒಯ್ಯುತ್ತದೆ. ಕೆಲಸ ಮುಗಿದ ಕೂಡಲೇ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಒಡೆಯುವವರಿಲ್ಲದೆ ಅಸಿಟೈಲ್‌ಕೋಲಿನ್ ಎರಡು ಬಗೆಯ ರಿಸೆಪ್ಟರ್‌ಗಳ (ಸಂದೇಶ ಹಿಡಿಯುವ ತಾಣಗಳ) ಮೇಲೂ ರಾಶಿ ಬೀಳುತ್ತದೆ. ಮಸ್ಕರಿನಿಕ್ ರಿಸೆಪ್ಟರ್‌ಗಳಿಂದ ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಿನ ಪಾಪೆ. ಎಲ್ಲಕ್ಕಿಂತ ಅಪಾಯದ್ದು, ಶ್ವಾಸನಾಳ ಕಿರಿದಾಗಿ ಎದೆಯಲ್ಲಿ ನೀರು ತುಂಬುವುದು. ನಿಕೋಟಿನಿಕ್ ರಿಸೆಪ್ಟರ್‌ಗಳಿಂದ ಸ್ನಾಯುಗಳು ಚರ್ಮದಡಿ ಹುಳು ಹರಿದಂತೆ ಅದುರುವುದು, ಆಮೇಲೆ ಬಲ ಕಳೆದುಕೊಳ್ಳುವುದು. ನಾಡಿ ನಿಧಾನವಾಗಬೇಕು ಎಂದು ಎಲ್ಲರೂ ಓದಿರುತ್ತಾರೆ. ಆದರೆ ನರಗಂಟುಗಳಲ್ಲಿ ನಿಕೋಟಿನಿಕ್ ಪ್ರಚೋದನೆ ಮೇಲುಗೈ ಪಡೆದರೆ ನಾಡಿ ಜೋರಾಗಿಯೇ ಓಡುತ್ತದೆ. ಅದನ್ನು ಕಂಡು, ಈ ವಿಷಕ್ಕೆ ಕೊಡುವ ಮುಖ್ಯ ಔಷಧವಾದ ಅಟ್ರೋಪಿನ್ ತಡೆಹಿಡಿಯುವುದು ಮೊದಲ ತಪ್ಪು.

ಅಟ್ರೋಪಿನ್ ಮಸ್ಕರಿನಿಕ್ ರಿಸೆಪ್ಟರ್ ಒಂದನ್ನೇ ತಡೆಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲಿನಲ್ಲಿ 0.6 ಮಿ.ಗ್ರಾಂ ಇರುತ್ತದೆ. ವಯಸ್ಕರಿಗೆ 1.8ರಿಂದ 3 ಮಿ.ಗ್ರಾಂ ಕೊಟ್ಟು ಶುರುಮಾಡಿ, ಗುರಿ ಮುಟ್ಟದಿದ್ದರೆ ಪ್ರತಿ 5 ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಸುತ್ತಾ ಹೋಗುವುದು ಈಗ ಒಪ್ಪಿತವಾದ ಕ್ರಮ. ಮೂರು ಆಂಪ್ಯೂಲಿನಿಂದ ಶುರುವಾದದ್ದು ಆರಾಗಿ, ಹನ್ನೆರಡಾಗಿ, ಹತ್ತೇ ನಿಮಿಷದಲ್ಲಿ 21 ಆಂಪ್ಯೂಲ್, ಅಂದರೆ 12.6 ಮಿ.ಗ್ರಾಂ ಮುಟ್ಟಬಹುದು. ಬೇರೆ ಕಡೆ ಅರ್ಧ ಆಂಪ್ಯೂಲ್ ಕೊಟ್ಟು ಅಭ್ಯಾಸವಾದ ಕೈ ಇಲ್ಲಿ ಹಿಂಜರಿಯುತ್ತದೆ. ಕಿಣ್ವಕ್ಕೆ ಏನಾಗಿದೆ ಎಂಬುದು ಮನಸ್ಸಿನಲ್ಲಿದ್ದರೆ ಹಿಂಜರಿಕೆಗೆ ಜಾಗವಿಲ್ಲ: ಎದುರಿಗೆ ಅಸಿಟೈಲ್‌ಕೋಲಿನ್ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಅಟ್ರೋಪಿನ್ ಬೇಕು. ಗುರಿ ಎಂದರೆ ಎದೆಯಲ್ಲಿ ಗೊರಗೊರ ಸದ್ದು ಹೋಗಬೇಕು, ನಾಡಿ 80ರ ಮೇಲೆ, ಸಿಸ್ಟಾಲಿಕ್ (ಮೇಲಿನ) ರಕ್ತದೊತ್ತಡ 80ರ ಮೇಲೆ ಬರಬೇಕು, ಕಂಕುಳು ಒಣಗಿರಬೇಕು, ಪಾಪೆ ಸೂಜಿಮೊನೆಯಂತೆ ಉಳಿದಿರಬಾರದು. ಪಾಪೆಯೊಂದನ್ನೇ ನಂಬಬಾರದು, ಏಕೆಂದರೆ ಕಣ್ಣಿಗೆ ವಿಷ ನೇರವಾಗಿ ಸಿಡಿದಿದ್ದರೆ ಅದು ತಡವಾಗಿ ಹಿಗ್ಗುತ್ತದೆ. ಎದೆಯ ಒಂದೇ ಮೂಲೆಯಲ್ಲಿ ಸದ್ದು ಉಳಿದಿದ್ದರೆ ಅದು ವಾಂತಿ ಶ್ವಾಸಕೋಶಕ್ಕೆ ಇಳಿದದ್ದೂ ಆಗಿರಬಹುದು; ಅದರ ಬೆನ್ನು ಹತ್ತಿ ಅಟ್ರೋಪಿನ್ ಸುರಿಯುತ್ತಾ ಹೋಗುವಂತಿಲ್ಲ. ಗುರಿ ಮುಟ್ಟಿದ ಮೇಲೆ ಅಲ್ಲಿಯವರೆಗೆ ಕೊಟ್ಟ ಒಟ್ಟು ಪ್ರಮಾಣದ ಶೇ 10ರಿಂದ 20ರಷ್ಟನ್ನು ಗಂಟೆಗೊಮ್ಮೆಯ ಲೆಕ್ಕದಲ್ಲಿ ಡ್ರಿಪ್ ಮೂಲಕ ಹರಿಸಬೇಕು. 12.6 ಮಿ.ಗ್ರಾಂ ಹೋಗಿದ್ದರೆ ಗಂಟೆಗೆ ಸುಮಾರು 1.3ರಿಂದ 2.5 ಮಿ.ಗ್ರಾಂ. ಜ್ವರ, ಕಳವಳ, ಹಾಸಿಗೆ ಕಿತ್ತುಕೊಳ್ಳುವುದು, ಹೊಟ್ಟೆಯ ಸದ್ದು ಇಲ್ಲದಿರುವುದು, ಮೂತ್ರ ಕಟ್ಟುವುದು ಕಂಡರೆ ಅಟ್ರೋಪಿನ್ ಹೆಚ್ಚಾಗಿದೆ ಎಂದರ್ಥ.

ಇನ್ನು ಅಟ್ರೋಪಿನ್ ಮುಟ್ಟದ ನಿಕೋಟಿನಿಕ್ ಭಾಗ. ಜೊಲ್ಲು ನಿಂತು, ಎದೆ ತಿಳಿಯಾಗಿ, ರೋಗಿ ಮಾತಾಡತೊಡಗಿದ ಮೇಲೆ ಎಲ್ಲರೂ ನಿರಾಳವಾಗುತ್ತಾರೆ. ಸೇವನೆಯಾದ 24ರಿಂದ 96 ಗಂಟೆಗಳ ನಡುವೆ ಬರುವ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಅದೇ ಹೊತ್ತಿಗೆ ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತದೆ. ಅದರ ಮೊದಲ ಸುಳಿವು ಕುತ್ತಿಗೆಯಲ್ಲಿ ಸಿಗುತ್ತದೆ. ದಿಂಬಿನಿಂದ ತಲೆ ಎತ್ತಿ ಹಿಡಿಯಲು ರೋಗಿಗೆ ಹೇಳಬೇಕು. ಆಗದಿದ್ದರೆ ಕೂಡಲೇ ವೈದ್ಯರನ್ನು ಕರೆಯಬೇಕು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂಬುದನ್ನೂ ಬರೆದಿಟ್ಟುಕೊಂಡು ಹಿಂದಿನ ಸಲಕ್ಕೆ ಹೋಲಿಸಬೇಕು. ಪಲ್ಸ್ ಆಕ್ಸಿಮೀಟರ್ ಅಂಕಿ ಇಳಿಯುವುದು ಕೊನೆಯ ಹಂತದಲ್ಲಿ. ಅದಕ್ಕಾಗಿ ಕಾಯುವುದು ಎಂದರೆ ತಡಮಾಡುವುದು. ಈ ತಪಾಸಣೆಗೆ ಯಾವ ಯಂತ್ರವೂ ಬೇಕಿಲ್ಲ, ಮಾಡಬೇಕಾದವರು ನರ್ಸ್. ಯಾಕೆ ಮಾಡಬೇಕು ಎಂಬುದು ಗೊತ್ತಿದ್ದವರು ಮಾತ್ರ ರಾತ್ರಿ ಪಾಳಿಯಲ್ಲೂ ಮರೆಯದೆ ಮಾಡುತ್ತಾರೆ.

ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧ, ವಿಷ ಹಿಡಿದ ಕಿಣ್ವವನ್ನು ಬಿಡಿಸಲು ನೋಡುತ್ತದೆ. ಆದರೆ ಕಾಲ ಕಳೆದಂತೆ ಆ ಹಿಡಿತ ಬಿಡಿಸಲಾಗದಷ್ಟು ಗಟ್ಟಿಯಾಗುತ್ತದೆ. ಡೈಮಿಥೈಲ್ ಗುಂಪಿನ ವಿಷಗಳಲ್ಲಿ ಕೆಲವೇ ಗಂಟೆಗಳಲ್ಲಿ, ಡೈಈಥೈಲ್ ಗುಂಪಿನಲ್ಲಿ ನಿಧಾನವಾಗಿ. ಇದರ ಲಾಭದ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ ಎಂಬುದನ್ನೂ ಸ್ನಾತಕೋತ್ತರ ವಿದ್ಯಾರ್ಥಿ ತಿಳಿದಿರಬೇಕು. ಕೊಡುವುದಾದರೆ 20ರಿಂದ 30 ನಿಮಿಷದಲ್ಲಿ ನಿಧಾನವಾಗಿ, ಏಕೆಂದರೆ ಬೇಗ ತಳ್ಳಿದರೆ ಹೃದಯವೇ ನಿಲ್ಲಬಹುದು. ಅದೇ ಅಂಗಡಿಯಲ್ಲಿ ಸಿಗುವ ಕಳೆನಾಶಕ ಪ್ಯಾರಾಕ್ವಾಟ್‌ನ ದಾರಿ ಇದಕ್ಕೆ ಪೂರ್ತಿ ಬೇರೆ. ಅದು ಶ್ವಾಸಕೋಶದಲ್ಲಿ ಆಮ್ಲಜನಕವನ್ನೇ ಬಳಸಿಕೊಂಡು ಜೀವಕೋಶ ಸುಡುವ ಕಣಗಳನ್ನು ಹುಟ್ಟಿಸುತ್ತದೆ. ಅಲ್ಲಿ ಅಟ್ರೋಪಿನ್‌ಗೆ ಕೆಲಸವಿಲ್ಲ, ಧಾರಾಳವಾಗಿ ಆಮ್ಲಜನಕ ಕೊಟ್ಟರೆ ಹಾನಿ ಹೆಚ್ಚುತ್ತದೆ. ಡಬ್ಬಿ ತರಿಸಿ ಹೆಸರು ಓದುವುದು ಎಷ್ಟು ಮುಖ್ಯ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ನರ ಮತ್ತು ಸ್ನಾಯು ಕೂಡುವ ಆ ಒಂದು ಜಾಗದ ಚಿತ್ರವನ್ನು ವಿದ್ಯಾರ್ಥಿ ಒಮ್ಮೆ ಕೈಯಾರೆ ಬರೆದರೆ ಅದು ಎಷ್ಟೊಂದು ಪಾಠಗಳಿಗೆ ಆಗಿಬರುತ್ತದೆ ನೋಡಿ. ನಾಗರಹಾವಿನ ವಿಷ ಸ್ನಾಯುವಿನ ಕಡೆಯ ರಿಸೆಪ್ಟರ್ ಮುಚ್ಚುತ್ತದೆ; ಆದ್ದರಿಂದ ಅಸಿಟೈಲ್‌ಕೋಲಿನ್ ಹೆಚ್ಚಿಸುವ ನಿಯೋಸ್ಟಿಗ್ಮಿನ್‌ನಿಂದ ಜೋತುಬಿದ್ದ ಕಣ್ಣುರೆಪ್ಪೆ ಮೇಲೇಳುವ ಸಾಧ್ಯತೆ ಇದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಅಲ್ಲಿ ಅದರ ಉಪಯೋಗ ಕಡಿಮೆ. ಪರೀಕ್ಷೆಗೆ ಅಟ್ರೋಪಿನ್ 0.6 ಮಿ.ಗ್ರಾಂ ರಕ್ತನಾಳಕ್ಕೆ, ನಿಯೋಸ್ಟಿಗ್ಮಿನ್ 1.5 ಮಿ.ಗ್ರಾಂ ಸ್ನಾಯುವಿಗೆ ಕೊಟ್ಟು ಒಂದು ಗಂಟೆ ಗಮನಿಸುತ್ತಾರೆ. ಅಟ್ರೋಪಿನ್ ಯಾಕೆ ಜೊತೆಗಿರಬೇಕು ಎಂಬುದು ಮೇಲಿನ ಪಾಠದಿಂದಲೇ ಗೊತ್ತಾಗುತ್ತದೆ. ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆ ಇರುವವರಿಗೆ ಜೆಂಟಾಮೈಸಿನ್ ಬಗೆಯ ಆಂಟಿಬಯೋಟಿಕ್ ಏಕೆ ಅಪಾಯ, ಕೀಟನಾಶಕದ ರೋಗಿಗೆ ಉಸಿರಾಟದ ಟ್ಯೂಬ್ ಹಾಕುವಾಗ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಏಕೆ ಬಹಳ ಹೊತ್ತು ಉಳಿಯುತ್ತದೆ, ಇವೂ ಅದೇ ಚಿತ್ರದಲ್ಲಿವೆ.

ಹೆರಿಗೆ ವಾರ್ಡಿನ ಮೆಗ್ನೀಸಿಯಂ ಸಲ್ಫೇಟ್ ಕೂಡ ಅಲ್ಲಿಯದೇ. ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದರೆ ಮಾತ್ರ ಅಸಿಟೈಲ್‌ಕೋಲಿನ್ ಹೊರಬರುತ್ತದೆ. ಮೆಗ್ನೀಸಿಯಂ ಆ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ. ಎಕ್ಲಾಂಪ್ಸಿಯಾದ (ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ಕಾಯಿಲೆ) ಫಿಟ್ಸ್ ತಡೆಯುವುದು ಮುಖ್ಯವಾಗಿ ಮಿದುಳಿನಲ್ಲಿ ಅದು ಮಾಡುವ ಕೆಲಸದಿಂದ, ಆದರೆ ಪ್ರಮಾಣ ಮೀರಿದಾಗಿನ ಅಪಾಯ ಸ್ನಾಯುವಿನಲ್ಲಿ. ಮೊದಲು ಮಂಡಿಯ ರಿಫ್ಲೆಕ್ಸ್ ಹೋಗುತ್ತದೆ, ಆಮೇಲೆ ಉಸಿರು. ಶೇ 50ರ 2 ಮಿ.ಲೀ. ಆಂಪ್ಯೂಲಿನಲ್ಲಿ 1 ಗ್ರಾಂ ಇದೆ. ರಕ್ತನಾಳಕ್ಕೆ ಕೊಡುವ 4 ಗ್ರಾಂ ಶೇ 20ರ ದ್ರಾವಣವಾಗಬೇಕಾದರೆ ನಾಲ್ಕು ಆಂಪ್ಯೂಲ್, ಅಂದರೆ 8 ಮಿ.ಲೀ. ತೆಗೆದುಕೊಂಡು 12 ಮಿ.ಲೀ. ಸಲೈನ್ ಬೆರೆಸಿ 20 ಮಿ.ಲೀ. ಮಾಡಿ ನಿಧಾನವಾಗಿ ಕೊಡಬೇಕು. ಬಳಿಕ ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ, ಬೆರೆಸದ ಶೇ 50ರ ದ್ರಾವಣ. ಒಟ್ಟು 14 ಗ್ರಾಂ. ನಾಲ್ಕು ಗಂಟೆಗೊಮ್ಮೆ 5 ಗ್ರಾಂ ಮುಂದುವರಿಸುವ ಮುನ್ನ ಮೂರು ವಿಷಯ ನೋಡಲೇಬೇಕು: ಮಂಡಿಯ ರಿಫ್ಲೆಕ್ಸ್ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲವೇ, ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಹೆಚ್ಚು ಬರುತ್ತಿದೆಯೇ. ಮೂತ್ರ ಯಾಕೆ ಎಂದರೆ ಮೆಗ್ನೀಸಿಯಂ ಹೊರಹೋಗುವ ದಾರಿ ಕಿಡ್ನಿಯೊಂದೇ. ಮೆಗ್ನೀಸಿಯಂ ಹೆಚ್ಚಾದರೆ ಕೊಡುವ ಶೇ 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ಅದೇ ಟ್ರೇಯಲ್ಲಿರಬೇಕು. ಬೀರುವಿನಲ್ಲಿದ್ದು, ಬೀಗದ ಕೈ ಇನ್ನೊಬ್ಬರ ಬಳಿ ಇದ್ದರೆ ಪ್ರಯೋಜನವಿಲ್ಲ.

ಹೃದಯ ವೈಫಲ್ಯಕ್ಕೂ ಇಂಥದೇ ಒಂದು ಪುಟದ ನಕ್ಷೆ ಸಾಕು. ಹೃದಯ ಹೊರಹಾಕುವ ರಕ್ತ ಕಡಿಮೆಯಾದಾಗ ಕಿಡ್ನಿ ಅದನ್ನು ದೇಹದಲ್ಲಿ ನೀರಿನ ಕೊರತೆ ಎಂದೇ ತಿಳಿಯುತ್ತದೆ; ರೆನಿನ್ ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್, ಅದರಿಂದ ರಕ್ತನಾಳ ಬಿಗಿಯುವುದು, ಆಲ್ಡೊಸ್ಟಿರೋನ್ ಹೆಚ್ಚಿ ಉಪ್ಪು-ನೀರು ಉಳಿಯುವುದು, ಕಾಲು ಊದುವುದು, ಉಬ್ಬಸ. ಈ ರೋಗಕ್ಕೆ ಕೊಡುವ ಔಷಧಗಳಲ್ಲಿ ಎನಲಾಪ್ರಿಲ್ ಈ ಸರಪಳಿಯ ಯಾವ ಕೊಂಡಿ ಕಡಿಯುತ್ತದೆ, ಸ್ಪೈರೊನೊಲ್ಯಾಕ್ಟೋನ್ ಯಾವುದನ್ನು, ಕಾರ್ವೆಡಿಲಾಲ್ ಯಾವುದನ್ನು ಎಂದು ನಕ್ಷೆಯ ಮೇಲೆಯೇ ಗುರುತಿಸಿದರೆ ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಎನಲಾಪ್ರಿಲ್ ತಡೆಯುವ ಕಿಣ್ವವೇ ಬ್ರಾಡಿಕೈನಿನ್ ಎಂಬ ರಾಸಾಯನಿಕವನ್ನೂ ಒಡೆಯುವುದರಿಂದ, ಅದು ಉಳಿದು ಒಣ ಕೆಮ್ಮು ಬರುತ್ತದೆ, ಅಪರೂಪಕ್ಕೆ ನಾಲಗೆ-ಗಂಟಲು ಊದುತ್ತದೆ. ಇದೇ ರೋಗದ ಇನ್ನೊಂದು ಔಷಧ ಸಾಕ್ಯುಬಿಟ್ರಿಲ್ ಕೂಡ ಬ್ರಾಡಿಕೈನಿನ್ ಹೆಚ್ಚಿಸುತ್ತದೆ. ಅದಕ್ಕೇ ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ 36 ಗಂಟೆ ಅಂತರ ಬೇಕು. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಪೊಟ್ಯಾಸಿಯಂ ಕಳೆಯುತ್ತದೆ, ಹೃದಯದ ಬಡಿತಕ್ಕೆ ಬಲ ಕೊಡುವ ಡಿಗಾಕ್ಸಿನ್ ಮತ್ತು ಪೊಟ್ಯಾಸಿಯಂ ಜೀವಕೋಶದ ಒಂದೇ ಪಂಪಿನ ಮೇಲೆ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಹಾಗಾಗಿ ಡಿಗಾಕ್ಸಿನ್ ಪ್ರಮಾಣ ಬದಲಾಗದೆಯೇ ಅದರ ವಿಷ ಏರುತ್ತದೆ. ಕೊಡುವ ಮುನ್ನ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು ಎನ್ನುವುದರ ಜೊತೆಗೆ ಇವತ್ತಿನ ಪೊಟ್ಯಾಸಿಯಂ ಎಷ್ಟು ಎಂದು ನೋಡುವುದನ್ನೂ ಕಲಿಸಬೇಕು.

ಇದೇ ರೋಗಿ ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗುತ್ತಿರುತ್ತಾರೆ. ಅದು ಕಿಡ್ನಿಯ ಸೋಸುಗಂಟಿಗೆ ರಕ್ತ ತರುವ ನಾಳವನ್ನು ಕಿರಿದು ಮಾಡುತ್ತದೆ, ಎನಲಾಪ್ರಿಲ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಫ್ಯೂರೊಸೆಮೈಡ್ ರಕ್ತದ ಮೊತ್ತವನ್ನೇ ಇಳಿಸುತ್ತದೆ. ಮೂರೂ ಕೂಡಿದರೆ ಸೋಸುವ ಒತ್ತಡ ಉಳಿಯುವುದಿಲ್ಲ. ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡುತ್ತದೆ. ಮನೆಯಲ್ಲಿ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುವ ಪ್ರಶ್ನೆ ಕೇಸ್ ಶೀಟ್ ತುಂಬಿಸುವ ಶಾಸ್ತ್ರವಾಗಿ ಉಳಿಯಬಾರದು.

ಲೆಕ್ಕದ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು ಮಿಲಿಲೀಟರ್‌ಗೆ 40 ಯೂನಿಟ್ ಮತ್ತು 100 ಯೂನಿಟ್ ಎರಡು ಬಲದಲ್ಲೂ ಸಿಗುತ್ತವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 0.25 ಮಿ.ಲೀ., ಅಂದರೆ 25 ಯೂನಿಟ್. ಎರಡೂವರೆ ಪಟ್ಟು. ತಿರುವುಮುರುವಾದರೆ ಹತ್ತರ ಬದಲು ನಾಲ್ಕೇ ಯೂನಿಟ್. ಇದನ್ನು ಎಚ್ಚರಿಕೆಯ ಮಾತಾಗಿ ಹೇಳಿದರೆ ಮರೆತುಹೋಗುತ್ತದೆ. ಎರಡು ಸಿರಿಂಜ್, ಎರಡು ಬಾಟಲಿ ಮೇಜಿನ ಮೇಲಿಟ್ಟು ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಬೇಕು.

ಡಯಾಬಿಟಿಕ್ ಕೀಟೊಅಸಿಡೋಸಿಸ್‌ನಲ್ಲಿ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಸ್ಥಿತಿ) ಇನ್ನೊಂದು ಬಲೆ ಇದೆ. ಇನ್ಸುಲಿನ್ ಇಲ್ಲದಿರುವುದು, ರಕ್ತದ ಆಮ್ಲೀಯತೆ ಎರಡರಿಂದಲೂ ಪೊಟ್ಯಾಸಿಯಂ ಜೀವಕೋಶದಿಂದ ಹೊರಬಂದು ರಕ್ತದಲ್ಲಿ ಸಾಕಷ್ಟಿರುವಂತೆ ತೋರುತ್ತದೆ. ನಿಜಕ್ಕೂ ಬಹಳಷ್ಟು ಮೂತ್ರದಲ್ಲಿ ಹೋಗಿ ದೇಹ ಬರಿದಾಗಿರುತ್ತದೆ. ಇನ್ಸುಲಿನ್ ಶುರುವಾದ ಕೂಡಲೇ ಉಳಿದದ್ದೂ ಜೀವಕೋಶದೊಳಗೆ ನುಗ್ಗಿ, ಹೃದಯದ ಲಯ ತಪ್ಪುತ್ತದೆ. ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ತುಂಬಿ, ಆಮೇಲೆ ಇನ್ಸುಲಿನ್ ಎನ್ನುವ ನಿಯಮದ ಹಿಂದಿನ ಕಾರಣ ಇದು. ಗಂಟೆಗೆ ಕಿಲೋಗೆ 0.1 ಯೂನಿಟ್ ಎಂದರೆ 60 ಕಿಲೋ ತೂಕದವರಿಗೆ 6 ಯೂನಿಟ್. 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ 50 ಮಿ.ಲೀ. ಸಲೈನಿನಲ್ಲಿದ್ದರೆ ಪಂಪನ್ನು ಗಂಟೆಗೆ 6 ಮಿ.ಲೀ.ಗೆ ಇಡಬೇಕು. ಇನ್ಸುಲಿನ್ ಪ್ಲಾಸ್ಟಿಕ್ ನಳಿಕೆಗೆ ಅಂಟಿಕೊಳ್ಳುವುದರಿಂದ ಮೊದಲ 20 ಮಿ.ಲೀ. ಹರಿಸಿ ಚೆಲ್ಲಬೇಕು, ಆದ್ದರಿಂದ ಇದೇ ಅನುಪಾತದಲ್ಲಿ ತುಸು ಹೆಚ್ಚೇ ಸಿದ್ಧಮಾಡಿಟ್ಟುಕೊಳ್ಳಬೇಕು. ಸಕ್ಕರೆ 250ಕ್ಕೆ ಇಳಿದಾಗ ಡೆಕ್ಸ್‌ಟ್ರೋಸ್ ಸೇರಿಸಬೇಕೇ ಹೊರತು ಇನ್ಸುಲಿನ್ ನಿಲ್ಲಿಸಬಾರದು, ಏಕೆಂದರೆ ಚಿಕಿತ್ಸೆ ನಡೆಯುತ್ತಿರುವುದು ಆಮ್ಲಕ್ಕೆ. ಡ್ರಿಪ್ ತೆಗೆಯುವ ಒಂದೆರಡು ಗಂಟೆ ಮೊದಲೇ ಚರ್ಮದಡಿಯ ಇನ್ಸುಲಿನ್ ಕೊಟ್ಟಿರಬೇಕು. ರಕ್ತನಾಳದ ಇನ್ಸುಲಿನ್ ನಿಮಿಷಗಳಲ್ಲೇ ಕರಗಿಹೋಗುತ್ತದೆ.

ಐಸಿಯುವಿನಲ್ಲಿ ರಕ್ತದೊತ್ತಡ ಏರಿಸಲು ಕೊಡುವ ನೊರಾಡ್ರಿನಲಿನ್ ಇನ್ನಷ್ಟು ಎಚ್ಚರ ಬೇಡುತ್ತದೆ. ಲೇಬಲ್ಲಿನಲ್ಲಿ ಬೈಟಾರ್ಟ್ರೇಟ್ ಲವಣದ ತೂಕ ದೊಡ್ಡದಾಗಿ ಇರುತ್ತದೆ, 2 ಮಿ.ಗ್ರಾಂ ಲವಣದಲ್ಲಿ ನಿಜವಾದ ನೊರಾಡ್ರಿನಲಿನ್ 1 ಮಿ.ಗ್ರಾಂ. ಮಿಲಿಲೀಟರ್‌ಗೆ 2 ಮಿ.ಗ್ರಾಂ ಲವಣವಿರುವ 2 ಮಿ.ಲೀ. ಆಂಪ್ಯೂಲ್ ಎರಡನ್ನು ತೆಗೆದು 50 ಮಿ.ಲೀ. ಮಾಡಿದರೆ ಒಳಗಿರುವುದು 4 ಮಿ.ಗ್ರಾಂ, ಅಂದರೆ ಮಿಲಿಲೀಟರ್‌ಗೆ 80 ಮೈಕ್ರೋಗ್ರಾಂ. 60 ಕಿಲೋ ರೋಗಿಗೆ ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ ಬೇಕೆಂದರೆ ಗಂಟೆಗೆ 360 ಮೈಕ್ರೋಗ್ರಾಂ, ಪಂಪು 4.5 ಮಿ.ಲೀ. ಲವಣದ ತೂಕವನ್ನೇ ಔಷಧದ ತೂಕವೆಂದು ಹಿಡಿದವರು 2.25 ಎಂದು ಇಡುತ್ತಾರೆ. ಪಾಳಿ ಬದಲಾದಾಗ ರಕ್ತದೊತ್ತಡ ಕುಸಿದದ್ದು ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಘಟಕವೊಂದರಲ್ಲಿ ಒಂದೇ ರೀತಿಯ ದ್ರಾವಣ, ಒಂದೇ ರೀತಿಯ ಲೇಬಲ್ ಎಂಬುದನ್ನು ಆಸ್ಪತ್ರೆಗಳು ಕಡ್ಡಾಯ ಮಾಡಬೇಕು. ಈ ಔಷಧದ ಪರಿಣಾಮ ಒಂದೆರಡು ನಿಮಿಷದಲ್ಲೇ ಮುಗಿಯುವುದರಿಂದ ಸಿರಿಂಜ್ ಖಾಲಿಯಾಗುವ ಮೊದಲೇ ಮುಂದಿನದು ಸಿದ್ಧವಿರಬೇಕು.

ವಯಸ್ಸಾದವರಿಗೆ ಔಷಧ ಕೊಡುವಾಗ ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. 70 ವರ್ಷದ, 45 ಕಿಲೋ ತೂಕದ ಅಜ್ಜಿಯ ಕ್ರಿಯಾಟಿನಿನ್ 1.2 ಎಂದಿಟ್ಟುಕೊಳ್ಳಿ. 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಿ, ಹೆಂಗಸರಾದ್ದರಿಂದ 0.85ರಿಂದ ಗುಣಿಸಿದರೆ ಬರುವುದು ನಿಮಿಷಕ್ಕೆ 31 ಮಿ.ಲೀ. ಮಾತ್ರ. ವರದಿಯಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕಂಡ ಕಿಡ್ನಿ ಮೂರನೇ ಒಂದು ಭಾಗದಷ್ಟು ಕೆಲಸ ಮಾಡುತ್ತಿದೆ. ಜೆಂಟಾಮೈಸಿನ್, ಎನಾಕ್ಸಪರಿನ್, ಮೆಟ್‌ಫಾರ್ಮಿನ್ ಮೂರಕ್ಕೂ ಈ ಅಂಕಿ ಬೇಕು. ಫಿಟ್ಸ್ ತಡೆಯುವ ಫೆನಿಟಾಯಿನ್‌ನದು ಬೇರೆಯೇ ತೊಡಕು: ಶೇ 90ರಷ್ಟು ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ಗೆ ಅಂಟಿರುತ್ತದೆ, ಆಲ್ಬುಮಿನ್ ಕಡಿಮೆಯಿರುವವರಲ್ಲಿ ಒಟ್ಟು ಮಟ್ಟ ಸರಿಯಾಗಿದ್ದರೂ ಬಿಡಿಯಾಗಿರುವ ಭಾಗ ಹೆಚ್ಚಿರುತ್ತದೆ. ಯಕೃತ್ತು ಅದನ್ನು ಕರಗಿಸುವ ಶಕ್ತಿಗೂ ಮಿತಿಯಿದೆ, ಆದ್ದರಿಂದ ಪ್ರಮಾಣ ಸ್ವಲ್ಪ ಏರಿಸಿದರೂ ಮಟ್ಟ ಬಹಳ ಏರುತ್ತದೆ. ಡೆಕ್ಸ್‌ಟ್ರೋಸ್‌ನಲ್ಲಿ ಹಾಕಿದರೆ ಹರಳುಗಟ್ಟುತ್ತದೆ, ಸಲೈನ್ ಮಾತ್ರ ಆಗಬೇಕು. ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು.

ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟು. ಪ್ರತಿ ಗುಂಪಿನಿಂದ ಒಂದೇ ಔಷಧವನ್ನು ಚೆನ್ನಾಗಿ ಕಲಿಯಿರಿ, ಉಳಿದವುಗಳ ವ್ಯತ್ಯಾಸವನ್ನಷ್ಟೇ ಅದರ ಪಕ್ಕ ಬರೆಯಿರಿ. ಔಷಧದ ಕಾರ್ಡಿನಲ್ಲಿ ಅಡ್ಡಪರಿಣಾಮಗಳ ಪಟ್ಟಿ ಬೇಡ. ಎಲ್ಲಿ ಕೂರುತ್ತದೆ, ಅಲ್ಲಿ ಏನು ಬದಲಾಗುತ್ತದೆ, ಅದೇ ರಿಸೆಪ್ಟರ್ ಇನ್ನೆಲ್ಲಿದೆ, ಕೊಡುವ ಮುನ್ನ ಏನು ನೋಡಬೇಕು, ಕೊಟ್ಟ ಎಷ್ಟು ಹೊತ್ತಿಗೆ ಏನು ಕಾಣಬೇಕು, ಯಾವ ಅಂಕಿಗೆ ನಿಲ್ಲಿಸಿ ವೈದ್ಯರನ್ನು ಕರೆಯಬೇಕು ಎಂಬ ಆರಕ್ಕೆ ಉತ್ತರವಿರಲಿ. ಮೂರನೆಯದಕ್ಕೆ ಉತ್ತರ ಬರೆದರೆ ಅಡ್ಡಪರಿಣಾಮ ತಾನೇ ಬಂದಿರುತ್ತದೆ. ಒಂದು ರೋಗಕ್ಕೆ ಒಂದು ಪುಟದ ನಕ್ಷೆಯನ್ನು ಪುಸ್ತಕ ಮುಚ್ಚಿ ಬರೆಯಿರಿ. ಬಾಣ ಎಲ್ಲಿ ನಿಂತಿತೋ ಅಲ್ಲಿಂದ ಮತ್ತೆ ಓದಿ. ವಾರ್ಡಿನಲ್ಲಿ ಅಂದು ನೋಡಿಕೊಂಡ ಒಬ್ಬ ರೋಗಿಯ ಔಷಧ ಚೀಟಿಯನ್ನು ಆ ನಕ್ಷೆಯ ಮೇಲೆ ಇಟ್ಟು ನೋಡುವುದು ಹತ್ತು ಪುಟ ಓದಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಬಹಳ ಜನ ಇದ್ದಾರೆ. ಅರ್ಥವಾಗದ ಇಂಗ್ಲಿಷ್ ವಾಕ್ಯಗಳನ್ನು ಹಾಗೆಹಾಗೇ ಕಂಠಪಾಠ ಮಾಡುವ ಕಷ್ಟ ಅವರದು. ಗುಂಪು ಚರ್ಚೆಯಲ್ಲಿ, ಹಾಸಿಗೆಯ ಬಳಿಯ ಪಾಠದಲ್ಲಿ ಅವರು ಕನ್ನಡದಲ್ಲಿ ವಿವರಿಸಲು ಬಿಡಬೇಕು. ರೋಗಿಗೂ ಅವರ ಮನೆಯವರಿಗೂ ಕೊನೆಗೆ ಅದೇ ಭಾಷೆಯಲ್ಲಿ ತಾನೇ ಹೇಳಬೇಕಾದ್ದು.

ಕಾಲೇಜುಗಳು ಮತ್ತು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಮುಂದೆ ನಮ್ಮ ಬೇಡಿಕೆ ಹೀಗಿದೆ. ಎರಡೂ ವಿಷಯಗಳ ವೇಳಾಪಟ್ಟಿಯನ್ನು ಅಂಗವ್ಯೂಹದ ಪ್ರಕಾರ ಒಟ್ಟಿಗೆ ಜೋಡಿಸಿ. ಹೃದಯದ ವಾರದಲ್ಲಿ ರೋಗ, ಔಷಧ, ತಪಾಸಣೆ ಮೂರೂ ನಡೆಯಲಿ, ಕ್ಲಿನಿಕಲ್ ಪೋಸ್ಟಿಂಗ್ ಕೂಡ ಅದೇ ವಾರ್ಡಿಗಿರಲಿ. ಫಾರ್ಮಕಾಲಜಿ ಬೋಧಕರು ವಾರಕ್ಕೊಮ್ಮೆಯಾದರೂ ನರ್ಸಿಂಗ್ ಬೋಧಕರ ಜೊತೆ ವಾರ್ಡಿಗೆ ಬರಲಿ. ಔಷಧದ ಲೆಕ್ಕಕ್ಕೆ ಪ್ರತಿ ಸೆಮಿಸ್ಟರ್‌ನಲ್ಲೂ ಪ್ರತ್ಯೇಕ ಪರೀಕ್ಷೆಯಿದ್ದು, ಅದರಲ್ಲಿ ನೂರಕ್ಕೆ ನೂರು ಬರುವವರೆಗೆ ಮತ್ತೆ ಮತ್ತೆ ಬರೆಯಿಸಲಿ. ಹತ್ತು ಲೆಕ್ಕದಲ್ಲಿ ಐದು ಸರಿ ಮಾಡಿದವರು ಪಾಸು ಎನ್ನುವುದು ಈ ವಿಷಯದಲ್ಲಿ ಒಪ್ಪತಕ್ಕದ್ದಲ್ಲ. ಔಷಧದ ಅಡ್ಡಪರಿಣಾಮ ಕಂಡಾಗ ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ನರ್ಸ್ ಕೂಡ ವರದಿ ಮಾಡಬಹುದು, 1800-180-3024 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಸ್ನಾತಕೋತ್ತರ ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಇಂಥ ವರದಿಗಳಿಗೂ ಒಂದು ಪುಟ ಇರಲಿ.

1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ ತಂದ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯಿಂದ ಪಠ್ಯಕ್ರಮಗಳು ಮತ್ತೆ ಪರಿಶೀಲನೆಗೆ ಬರುವ ಅವಕಾಶವಿದೆ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಕೂತಿರುವ ನರ್ಸಿಂಗ್ ಪದವೀಧರರು ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಈಗಾಗಲೇ ತಮ್ಮ ಕೈಯಿಂದ ಕೊಡುತ್ತಿದ್ದಾರೆ, ಅವರಿಗೆ ಪಾಠ ಮಾಡಬೇಕಾದವರು ಇವತ್ತಿನ ಎಂ.ಎಸ್ಸಿ. ವಿದ್ಯಾರ್ಥಿಗಳು. ಪ್ರಶ್ನೆಪತ್ರಿಕೆಯಲ್ಲಿ ‘ಅಟ್ರೋಪಿನ್‌ನ ಅಡ್ಡಪರಿಣಾಮಗಳನ್ನು ಪಟ್ಟಿ ಮಾಡಿ’ ಎನ್ನುವುದರ ಬದಲು ಹೀಗೆ ಕೇಳಲಿ: ಕೀಟನಾಶಕ ಸೇವಿಸಿದ 48 ಗಂಟೆಯ ನಂತರ ಎದೆ ತಿಳಿಯಾಗಿದೆ, ನಾಡಿ 104, ಆಮ್ಲಜನಕ ಶೇ 97, ರೋಗಿಗೆ ದಿಂಬಿನಿಂದ ತಲೆ ಎತ್ತಲಾಗುತ್ತಿಲ್ಲ, ಏನಾಗುತ್ತಿದೆ, ಅಟ್ರೋಪಿನ್ ಹೆಚ್ಚಿಸಬೇಕೇ, ಮುಂದಿನ ಹತ್ತು ನಿಮಿಷದಲ್ಲಿ ನೀವು ಏನೇನು ಮಾಡುತ್ತೀರಿ, ಕಾರಣ ಸಹಿತ ಬರೆಯಿರಿ.

ಇತಿ ತಮ್ಮ ವಿಶ್ವಾಸಿಗಳು,
ನರ್ಸಿಂಗ್ ಬೋಧಕರ ಒಂದು ಬಳಗ, ದಾವಣಗೆರೆ